ಬೆಲ್ಲ, ಕರವಸ್ತ್ರ ಮತ್ತು ಕಲ್ಲಿನ ಧೂಳು

ಬೆಂಗಳೂರಿನ ಯಾವುದಾದರೂ ಹೊಸ ಬಡಾವಣೆಯಲ್ಲಿ, ಅಡುಗೆಮನೆಗೆ ಕಟ್ಟೆ ಕೂರಿಸುವ ದಿನ ಒಂದು ಗಳಿಗೆ ನಿಂತು ನೋಡಬೇಕು. ಕಟಿಂಗ್ ಮಷಿನ್ನಿನ ಚಕ್ರ ಕಲ್ಲಿಗೆ ತಾಗಿದ್ದೇ ತಡ, ಹಿಟ್ಟಿನ ಗಿರಣಿಯಲ್ಲಿ ಎದ್ದಂತೆ ಬಿಳಿ ಧೂಳು ಏಳುತ್ತದೆ. ಕಲ್ಲು ಕೊಯ್ಯುವ ಹುಡುಗನ ಹುಬ್ಬು, ರೆಪ್ಪೆ, ಮೀಸೆ ಎಲ್ಲ ಬೆಳ್ಳಗೆ. ಮೂಗಿಗೆ ಕಟ್ಟಿಕೊಂಡ ಕರವಸ್ತ್ರ ಉಸಿರಿನ ತೇವಕ್ಕೆ ನೆನೆದು ಬೂದಿ ಬಣ್ಣಕ್ಕೆ ತಿರುಗಿದೆ. ಧೂಳು ಒಳಗೆ ಬರದಿರಲಿ ಎಂದು ಮನೆಯವರು ಬಾಗಿಲು ಎಳೆದುಕೊಂಡಿದ್ದಾರೆ. ಕೆಲಸ ಮುಗಿಸಿ ಮುಖ ತೊಳೆದ ಹುಡುಗ ಬೆಲ್ಲದ ಚೂರೊಂದನ್ನು ಬಾಯಿಗೆ ಹಾಕಿಕೊಳ್ಳುತ್ತಾನೆ. ಬೆಲ್ಲ ತಿಂದರೆ ಧೂಳೆಲ್ಲ ಇಳಿದುಹೋಗುತ್ತದೆ ಎಂದು ಮೇಸ್ತ್ರಿ ಹೇಳಿದ್ದಾನೆ. ಮೇಸ್ತ್ರಿಗೆ ಅವನ ಮೇಸ್ತ್ರಿ ಹೇಳಿದ್ದ.

ಬೆಲ್ಲದ ಮಾತನ್ನು ನಕ್ಕು ತಳ್ಳಿಹಾಕುವ ಹಾಗಿಲ್ಲ. ಲಖನೌದ ವಿಜ್ಞಾನಿಗಳು 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಧೂಳು ಹೊಕ್ಕ ಇಲಿಗಳಿಗೆ ಬೆಲ್ಲ ಕೊಟ್ಟಾಗ ಶ್ವಾಸಕೋಶದ ಹಾನಿ ತುಸು ಕಡಿಮೆ ಕಂಡಿತ್ತು. ಆದರೆ ಇಲಿಗೆ ಒದಗಿದ್ದನ್ನು ವರ್ಷಗಟ್ಟಲೆ ಕಲ್ಲು ಕೊಯ್ಯುವವನ ಕವಚ ಎನ್ನಲಾದೀತೆ? ನಿಜವಾದ ತೊಂದರೆ ಕಣ್ಣಿಗೆ ಕಾಣದ ಧೂಳಿನದು. ದಪ್ಪ ಧೂಳು ಮೂಗು, ಗಂಟಲಲ್ಲೇ ಸಿಕ್ಕಿಕೊಂಡು ಕಫದ ಜೊತೆ ಹೊರಬೀಳುತ್ತದೆ. ಶ್ವಾಸಕೋಶದ ತಳಕ್ಕೆ ಇಳಿಯುವುದು ಐದು ಮೈಕ್ರಾನಿಗಿಂತ ಸಣ್ಣ ಕಣ. ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಅಂಥ ಕಣದ ಮುಂದೆ ಕರವಸ್ತ್ರದ ನೇಯ್ಗೆ ಎಂದರೆ ಹೊಗೆಗೆ ಸೊಳ್ಳೆಪರದೆ ಕಟ್ಟಿದಂತೆ. ಕಲ್ಲಿನಿಂದ ಎದ್ದು ಒಳಹೊಕ್ಕ ಸಿಲಿಕಾ ಎಂಬ ಖನಿಜದ ಕಣವನ್ನು ನುಂಗಿದ ರಕ್ಷಕ ಕೋಶವೇ ಸಾಯುತ್ತದೆ, ಸತ್ತಲ್ಲಿ ಗಾಯದ ಗಂಟು ಕಟ್ಟುತ್ತದೆ. ಇದೇ ಸಿಲಿಕೋಸಿಸ್. ಸಾಮಾನ್ಯವಾಗಿ ಹತ್ತಿಪ್ಪತ್ತು ವರ್ಷ ಸುಳಿವು ಕೊಡುವುದಿಲ್ಲ. ಧೂಳು ವಿಪರೀತವಾದರೆ ಕೆಲವೇ ವರ್ಷ ಸಾಕು. ಗಂಟು ಕಟ್ಟಿದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಮದ್ದು ಇನ್ನೂ ಇಲ್ಲ.

ಕರ್ನಾಟಕಕ್ಕೆ ಇದು ಹೊಸ ರೋಗವೇನಲ್ಲ. ಇಲ್ಲಿ ಅದಕ್ಕೆ ಕಾನೂನು ಬಂದದ್ದು ಸ್ವಾತಂತ್ರ್ಯಕ್ಕಿಂತ ಮೊದಲೇ. ಕೋಲಾರದ ಚಿನ್ನದ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳದವರೆಗೆ ಬಂಡೆ ಕೊರೆದವರು ಚಿನ್ನದ ಜೊತೆ ಕ್ವಾರ್ಟ್ಜ್, ಅಂದರೆ ಸಿಲಿಕಾ ಹರಳಿನ, ಧೂಳನ್ನೂ ಮೇಲಕ್ಕೆ ತಂದರು, ಎದೆಯೊಳಗಿಟ್ಟುಕೊಂಡು. ಮೈಸೂರು ಸಂಸ್ಥಾನ 1940ರಲ್ಲಿ ಸಿಲಿಕೋಸಿಸ್ ನಿಯಮಗಳನ್ನು ತಂದು ರೋಗಿಗಳಿಗೆ ಪರಿಹಾರದ ದಾರಿ ತೆರೆಯಿತು. ಆಗಿನಿಂದ 1946ರವರೆಗೆ ಆ ಗಣಿಯಲ್ಲಿ ತಪಾಸಣೆಗೆ ಒಳಗಾದವರು 7,653 ಕಾರ್ಮಿಕರು. ನೂರಕ್ಕೆ ಸುಮಾರು 44 ಮಂದಿಯ ಎದೆಯಲ್ಲಿ ರೋಗವಿತ್ತು. ಎಕ್ಸ್‌ರೇ ಇತ್ತು, ಲೆಕ್ಕ ಇತ್ತು, ಕಾನೂನೂ ಇತ್ತು. 2001ರ ಫೆಬ್ರುವರಿ ಕೊನೆಗೆ ಗಣಿ ಮುಚ್ಚಿತು. ಚಿನ್ನ ತೆಗೆದ ಮೇಲೆ ಉಳಿದ ಪುಡಿಯ, ಗುಡ್ಡದಂತೆ ಬಿದ್ದಿರುವ ಸೈನೈಡ್ ದಿಬ್ಬಗಳು ಇವತ್ತಿಗೂ ಊರಿನ ಗಾಳಿಗೆ ಧೂಳು ಬೆರೆಸುತ್ತಿವೆ. ಕಲ್ಲಿನ ಧೂಳು ಶ್ವಾಸಕೋಶ ಕೆಡಿಸುತ್ತದೆ ಎಂದು ಅಲ್ಲಿ ಕಲಿತ ಪಾಠ ಮಾತ್ರ ನೂರು ಕಿಲೋಮೀಟರ್ ದಾಟಿ ಬೆಂಗಳೂರಿನ ಕಟಿಂಗ್ ಹುಡುಗನವರೆಗೆ ಬರಲಿಲ್ಲ.

ತನ್ನ ಆರೋಗ್ಯ ಕಾಪಾಡಿಕೊಳ್ಳಲು ಬೇಕಾದ ಇಂಥ ತಿಳಿವಳಿಕೆಯನ್ನು ತಜ್ಞರು ‘ಆರೋಗ್ಯ ಸಾಕ್ಷರತೆ’ ಎನ್ನುತ್ತಾರೆ. ಹಾಗೆಂದು ಕಾರ್ಮಿಕರನ್ನು ಏನೂ ತಿಳಿಯದವರ ಸಾಲಿಗೆ ಸೇರಿಸಿದರೆ ತಪ್ಪಾದೀತು. ಪಳಗಿದ ಕಲ್ಲುಕುಟಿಗ ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟು, ಸದ್ದು ಕೇಳಿಯೇ ಕಲ್ಲಿನೊಳಗೆ ಬಿರುಕಿದೆಯೇ ಹೇಳಬಲ್ಲ. ಕಲ್ಲನ್ನು ಓದಬಲ್ಲವನಿಗೆ ಕಲ್ಲಿನಲ್ಲಿ ಏನಿದೆ ಎಂದು ಯಾರೂ ಹೇಳಿಲ್ಲ, ಅಷ್ಟೇ. ಬಳಪದ ಕಲ್ಲಿನಲ್ಲಿ ಸಿಲಿಕಾ ಹರಳು ಕಡಿಮೆ, ಇಳಕಲ್ಲಿನ ಕೆಂಪು ಗ್ರಾನೈಟ್‌ನಂಥದ್ದರಲ್ಲಿ ಬಹಳ. ಈಗಿನ ಫ್ಯಾಷನ್ನಾದ ಕೃತಕ ಕ್ವಾರ್ಟ್ಜ್ ಹಲಗೆಯಲ್ಲಿ ಎಷ್ಟೋ ಸಲ ನೂರಕ್ಕೆ 90ಕ್ಕೂ ಹೆಚ್ಚು ಭಾಗ ಅದೇ. ಮೂರನ್ನೂ ಒಂದೇ ಕರವಸ್ತ್ರ ಕಟ್ಟಿಕೊಂಡು ಕೊಯ್ಯಲಾಗುತ್ತಿದೆ.

ಕೆಮ್ಮು, ದಮ್ಮು ಶುರುವಾದ ಮೇಲೂ ರೋಗದ ಹೆಸರು ಸಿಗುವುದು ಕಷ್ಟ. ಮೈ ಇಳಿಯುತ್ತದೆ, ಎಕ್ಸ್‌ರೇಯಲ್ಲಿ ಚುಕ್ಕೆ ಕಾಣುತ್ತವೆ, ‘ಟೀಬಿ’ ಎಂದು ಬರೆದು ಮಾತ್ರೆ ಕೊಡುತ್ತಾರೆ. ಸಿಲಿಕೋಸಿಸ್ ಇದ್ದವರಿಗೆ ಟೀಬಿ ತಗಲುವ ಸಂಭವ ಬಹಳ ಹೆಚ್ಚು, ಆದ್ದರಿಂದ ಕೆಲವೊಮ್ಮೆ ಎರಡೂ ನಿಜವೇ. ಆದರೆ ಮಾತ್ರೆ ಮುಗಿಸಿದ ಮನುಷ್ಯ ಮರುದಿನ ಅದೇ ಧೂಳಿಗೆ ಮರಳುತ್ತಾನೆ, ಅವನ ಕಸುಬನ್ನು ಯಾರೂ ಕೇಳಿರುವುದಿಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಮಾಝಿನಿ 1700ರಲ್ಲಿ, ಕಸುಬಿನ ರೋಗಗಳ ಕುರಿತ ತನ್ನ ಪುಸ್ತಕದಲ್ಲಿ, ರೋಗಿಗೆ ಕೇಳಬೇಕಾದ ಪ್ರಶ್ನೆಗಳಿಗೆ ಇನ್ನೊಂದು ಸೇರಿಸಿದ: ನಿನ್ನ ಕೆಲಸವೇನು? ಮೂರು ಶತಮಾನ ಕಳೆದರೂ ನಮ್ಮ ಹೊರರೋಗಿ ಚೀಟಿಯಲ್ಲಿ ಹೆಸರು, ವಯಸ್ಸು, ಲಿಂಗಕ್ಕೆ ಜಾಗವಿರುವಷ್ಟು ಖಚಿತವಾಗಿ ಕಸುಬಿಗೆ ಜಾಗವಿಲ್ಲ.

ಕಾನೂನಿನ ಪುಸ್ತಕದಲ್ಲಿ ಕೊರತೆ ಅಂಥದ್ದೇನಿಲ್ಲ. 1984ರಲ್ಲಿ ಭೋಪಾಲದ ಅನಿಲ ದುರಂತದ ರಾತ್ರಿ, ಒದ್ದೆ ಬಟ್ಟೆ ಮುಖಕ್ಕೆ ಹಿಡಿದರೆ ವಿಷಾನಿಲದ ಪೆಟ್ಟು ಕಡಿಮೆಯಾಗುತ್ತದೆ ಎಂಬಷ್ಟು ಸರಳ ಸಂಗತಿಯೂ ಕಾರ್ಖಾನೆಯ ಸುತ್ತಲಿನವರಿಗೆ ಗೊತ್ತಿರಲಿಲ್ಲ. ಆ ದುರಂತದ ನಂತರ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ ಹೊಸ ಕಲಮುಗಳು ಸೇರಿದವು: ಅಪಾಯದ ಮಾಹಿತಿಯನ್ನು ಮಾಲೀಕ ತಿಳಿಸಲೇಬೇಕು, ಕಾರ್ಮಿಕ ತನ್ನ ವೈದ್ಯಕೀಯ ದಾಖಲೆ ನೋಡಬಹುದು, ಸುರಕ್ಷತೆಯ ತರಬೇತಿ ಪಡೆಯುವುದು ಅವನ ಹಕ್ಕು. ತೊಡಕಿರುವುದು ‘ಕಾರ್ಖಾನೆ’ ಎಂಬ ಪದದಲ್ಲಿ. ವಿದ್ಯುತ್ ಬಳಸುವಲ್ಲಿ ಹತ್ತು ಮಂದಿ ದುಡಿದರೆ ಕಾರ್ಖಾನೆ ಎನ್ನುತ್ತಿತ್ತು ಹಳೆಯ ಕಾಯ್ದೆ. 2020ರ ಹೊಸ ಕಾರ್ಮಿಕ ಸಂಹಿತೆ ಅದನ್ನು ಇಪ್ಪತ್ತಕ್ಕೆ ಏರಿಸಿದೆ. ಇಬ್ಬರೇ ಬಂದು ಕಟ್ಟೆ ಕೂರಿಸಿ ಹೋಗುವವರು ಯಾವ ಲೆಕ್ಕಕ್ಕೆ?

ಪರಿಹಾರವೇನೂ ದೊಡ್ಡ ವಿದ್ಯೆಯಲ್ಲ. ನೀರು ಹರಿಸುತ್ತ ಕೊಯ್ದರೆ ಧೂಳಿನ ಬಹುಪಾಲು ಕೆಸರಾಗಿ ಕೂರುತ್ತದೆ. ‘ಕರೆಂಟ್ ಹೊಡೆಯುತ್ತೆ ಸಾರ್’ ಎಂದು ಹುಡುಗರು ಹಿಂಜರಿಯುವುದರಲ್ಲೂ ಅರ್ಥವಿದೆ, ಮಾಮೂಲಿ ಮಷಿನ್ನಿಗೆ ನೀರು ಸುರಿಯುವಂತಿಲ್ಲ. ಅದಕ್ಕೆಂದೇ ನೀರಿನ ನಳಿಗೆ ಇರುವ ಮಷಿನ್ನುಗಳಿವೆ, ಬೆಲೆ ಹೆಚ್ಚು. ಆಸ್ಟ್ರೇಲಿಯಾದಲ್ಲಿ ಕಿರಿಯ ವಯಸ್ಸಿನ ಕೆಲಸಗಾರರೇ ಸಿಲಿಕೋಸಿಸ್‌ಗೆ ತುತ್ತಾಗತೊಡಗಿದಾಗ, ಆ ದೇಶ 2024ರ ಜುಲೈ 1ರಿಂದ ಕೃತಕ ಕಲ್ಲಿನ ಹಲಗೆಯನ್ನೇ ನಿಷೇಧಿಸಿತು. ನಮ್ಮಲ್ಲಿ ಅದು ಶೋರೂಮಿನ ಮುಂಭಾಗದಲ್ಲೇ ಇದೆ.

ಕಟ್ಟೆ ಹಾಕಿಸುವ ಮನೆಯವರು ಅಳತೆ ಕೊಟ್ಟು, ಕಲ್ಲನ್ನು ಅಂಗಡಿಯ ನೀರಿನ ಮಷಿನ್ನಿನಲ್ಲೇ ಕೊಯ್ಯಿಸಿಕೊಂಡು ತರುವಂತೆ ಹೇಳಬಹುದು. ಮನೆಯಲ್ಲಿ ಕೊಯ್ಯಲೇಬೇಕಾದ ಮೂಲೆಗಳಿಗೆ, ಕಟ್ಟೆಯ ಬಿಲ್ಲಿನಲ್ಲೇ ಎರಡು ಎನ್-95 ಮಾಸ್ಕಿನ ದುಡ್ಡು ಸೇರಿಸಿಕೊಡಿ. ಆ ಹುಡುಗನಿಗೆ ಒಂದು ಮಾತೂ ಹೇಳಿ: ಕೆಮ್ಮು ಎಂದು ಡಾಕ್ಟರ ಹತ್ತಿರ ಹೋದಾಗ, ಅವರು ಕೇಳದಿದ್ದರೂ ‘ಕಲ್ಲು ಕೊಯ್ಯುವ ಕೆಲಸ, ಇಷ್ಟು ವರ್ಷವಾಯಿತು’ ಎಂದು ಮೊದಲೇ ತಿಳಿಸಲಿ.