ಬೆಳಿಗ್ಗೆ ಆಪರೇಷನ್, ಸಂಜೆ ಮನೆ: ಯಾರಿಗೆ ಹೂಂ, ಯಾರಿಗೆ ಊಹೂಂ?

ದಾವಣಗೆರೆ: ಆಪರೇಷನ್ ಅಂದರೆ ವಾರಗಟ್ಟಲೆ ವಾರ್ಡಿನಲ್ಲಿ ಮಲಗಿ, ನೆಂಟರು ತಂದ ಎಳನೀರು ಕುಡಿಯುವ ಕಾಲ ಹೋಯಿತು. ಕಣ್ಣಿನ ಪೊರೆ, ಹರ್ನಿಯಾ, ಮೈಮೇಲಿನ ಗಂಟು ಇಂಥವಕ್ಕೆ ಬೆಳಿಗ್ಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು. ಹೊಸ ಹುಚ್ಚೇನಲ್ಲ ಇದು. ಗ್ಲಾಸ್ಗೋದ ಸರ್ಜನ್ ಜೇಮ್ಸ್ ನಿಕಾಲ್ ಹೀಗೆ ಮಾಡಿದ 8,988 ಮಕ್ಕಳ ಆಪರೇಷನ್ನುಗಳ ಲೆಕ್ಕವನ್ನು 1909ರಲ್ಲೇ ಕೊಟ್ಟಿದ್ದರು.

ಆದರೆ ಸ್ವಾಮಿ, ಎಲ್ಲರನ್ನೂ ಸಂಜೆ ಕಳಿಸೋಕಾಗಲ್ಲ. ಯಾರನ್ನು ಕಳಿಸಬಹುದು ಅಂತ ತೀರ್ಮಾನಿಸುವಾಗ ಸರ್ಜನ್ ಜೊತೆ ಅರಿವಳಿಕೆ ಡಾಕ್ಟರ ಮಾತೂ ನಡೆಯುತ್ತೆ. ಜನರ ಲೆಕ್ಕ ತಪ್ಪುವುದು ಇಲ್ಲೇ.

ಮಂಡಿಪೇಟೆಯಲ್ಲಿ ಮೂಟೆ ಎತ್ತಿ ಎತ್ತಿ ಹರ್ನಿಯಾ ತಂದುಕೊಂಡ 65ರ ಯಜಮಾನರೊಬ್ಬರನ್ನು ಊಹಿಸಿಕೊಳ್ಳಿ. ಬಿ.ಪಿ. ಇದೆ, ಸಕ್ಕರೆ ಇದೆ. ‘ನಮಗೆಲ್ಲಿ ಆಗುತ್ತೆ ಬಿಡಿ, ವಯಸ್ಸಾಯ್ತು’ ಅಂತಾರೆ. ವಯಸ್ಸೊಂದೇ ಅಡ್ಡಿಯಲ್ಲ! ಮಾತ್ರೆಯಿಂದ ಎರಡೂ ಹಿಡಿತದಲ್ಲಿದ್ದು, ಏದುಸಿರಿಲ್ಲದೆ ಮೆಟ್ಟಿಲು ಹತ್ತುವವರಾದರೆ ಅವರಿಗೂ ಹೂಂ ಅನ್ನಬಹುದು. ಬ್ರಿಟನ್ನಿನ ತಜ್ಞರ 2016ರ ಸೂಚನೆ ಪ್ರಕಾರ, ಪೂರ್ವ ತಪಾಸಣೆಯಲ್ಲಿ ಬಿ.ಪಿ. 180/110ಕ್ಕಿಂತ ಕೆಳಗಿದ್ದರೆ ಅದೊಂದೇ ಕಾರಣಕ್ಕೆ ಆಪರೇಷನ್ ಮುಂದೂಡಬೇಕಿಲ್ಲ.

ಈಗ ಅದೇ ಅಂಗಡಿಯ 35ರ ಗುಮಾಸ್ತನನ್ನು ನೋಡಿ. ಗಟ್ಟಿ ಆಳು. ಆದರೆ ರಾತ್ರಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರೇ ನಿಂತುಬಿಡುತ್ತೆ. ಅರಿವಳಿಕೆ ಮತ್ತು ಬಲವಾದ ನೋವಿನ ಮದ್ದಿನ ಮಂಪರಿನಲ್ಲಿ ಈ ತೊಂದರೆ ಇನ್ನೂ ಹೆಚ್ಚೀತು. ಆ ರಾತ್ರಿ ಆತನನ್ನು ಆಸ್ಪತ್ರೆಯಲ್ಲೇ ಇಟ್ಟುಕೊಳ್ಳಬೇಕಾಗಬಹುದು. ಇದನ್ನು ಡಾಕ್ಟರಿಗೆ ಹೇಳಬೇಕಾದವಳು ಹೆಂಡತಿ. ನಿದ್ದೆ ಮಾಡೋನಿಗೆ ಏನು ಗೊತ್ತು?

ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಆದವರು, ಕೂತಲ್ಲೇ ಮೇಲುಸಿರು ಬಿಡುವವರು ಈ ಆಸೆ ಬಿಡುವುದೇ ಲೇಸು. ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳು ಮಾಡುವ ಗುಳಿಗೆ ನುಂಗುವವರು ಅದನ್ನು ತಾವೇ ನಿಲ್ಲಿಸಕೂಡದು, ಡಾಕ್ಟರ್ ಹೇಳಿದರೆ ಮಾತ್ರ.

ಮೈ ಪಾಸಾದರೂ ಮನೆ ಫೇಲಾಗುವುದುಂಟು. ಪೂರ್ತಿ ಅರಿವಳಿಕೆ ಕೊಟ್ಟ ಮೇಲೆ 24 ಗಂಟೆ ಜವಾಬ್ದಾರಿಯ ದೊಡ್ಡವರೊಬ್ಬರು ಜೊತೆಗಿರಬೇಕು. ‘ಸೊಸೆ ಇದಾಳೆ’ ಅಂದರೆ ಸಾಲದು, ಆ ರಾತ್ರಿ ಇರ್ತಾಳಾ? ಬಾಡಿಗೆ ರೂಮಿನ ಒಂಟಿ ಹುಡುಗನಿಗೆ ಕಷ್ಟ ಇಲ್ಲೇ. ಬೈಕ್ ಓಡಿಸುವಂತಿಲ್ಲ. ಹೊನ್ನಾಳಿ ಕಡೆಯ ಕೊನೇ ಬಸ್ಸಿನಲ್ಲಿ ನಿಂತು ಹೋಗ್ತೀನಿ ಅನ್ನುವುದೂ ನಡೆಯಲ್ಲ. ರಾತ್ರಿ ರಕ್ತ ಬಂದರೆ ಬೇಗ ಆಸ್ಪತ್ರೆ ಮುಟ್ಟುವಷ್ಟು ಹತ್ತಿರ ಇರಬೇಕು. ದೂರದ ಹಳ್ಳಿಯವರು ಪೇಟೆಯ ನೆಂಟರ ಮನೆಯಲ್ಲಿ ಒಂದು ರಾತ್ರಿ ಉಳಿದರೆ ಆಯಿತು.

ಬೆಣ್ಣೆ ದೋಸೆ ಹೊಡೆದು ಬಂದರೆ ಅಂದಿನ ಆಪರೇಷನ್ ಖೋತಾ! ಆರು ಗಂಟೆ ಮುಂಚೆ ಊಟ ತಿಂಡಿ ಬಂದ್. ಹಾಲಿನ ಟೀ ಕೂಡ ತಿಂಡಿಯ ಲೆಕ್ಕವೇ. ಬರೀ ನೀರನ್ನು ಸಾಮಾನ್ಯವಾಗಿ ಎರಡು ಗಂಟೆ ಮುಂಚಿನವರೆಗೆ ಕುಡಿಯಬಹುದು.

ಇನ್ನು ದುಡ್ಡಿನ ಮಾತು. 24 ಗಂಟೆ ಮಲಗದಿದ್ದರೆ ವಿಮೆ ಬರಲ್ಲ ಅಂತ ಹೆದರಿ ಸುಮ್ಮನೆ ಮಂಚ ಹಿಡಿಯುವವರಿದ್ದಾರೆ. ಪಾಲಿಸಿಯಲ್ಲಿ ‘ಡೇ ಕೇರ್’ ಅಂತ ಇದ್ದರೆ ಇಂಥ ಆಪರೇಷನ್ನಿಗೂ ಹಣ ಸಿಗುತ್ತೆ. ಮೊದಲೇ ಓದಿಸಿ ನೋಡಿಕೊಳ್ಳಿ.

ಬೆಳಿಗ್ಗೆ ಹೂಂ ಅಂದವರೇ ಸಂಜೆ ಊಹೂಂ ಅಂದಾರು. ವಾಂತಿ ನಿಲ್ಲದಿದ್ದರೆ, ನೋವು ತಡೆಯದಿದ್ದರೆ ಬಿಡುವುದಿಲ್ಲ. ಹರ್ನಿಯಾ ಆದ ಹಿರಿಯ ಗಂಡಸರಿಗೆ ಮೂತ್ರ ಕಟ್ಟುವುದುಂಟು. ಹಾಗಾಗಿ ಒಂದು ಹಾಸಿಗೆ ಖಾಲಿ ಇರುತ್ತಾ ಅಂತ ಕೇಳಿ, ರಾತ್ರಿ ಎತ್ತುವ ಫೋನ್ ನಂಬರ್ ಬರೆಸಿಕೊಂಡೇ ದಿನ ಗೊತ್ತುಮಾಡಿ.