ಡಾಂಬರು ಬೀಳುವ ಮೊದಲಿನ ಕೆಲಸ

"ರಸ್ತೆ ಅಗಲ ಮಾಡಿದ್ರ ಎಲ್ಲಾ ಸರಿ ಹೋಗತೈತಿ." ಬೈಲಹೊಂಗಲದಲ್ಲಿ ಕೇಳಿ, ರಾಮದುರ್ಗದಲ್ಲಿ ಕೇಳಿ, ಸಂಚಾರದ ಮಾತು ಬಂದಾಗ ಸಿಗುವ ಮೊದಲ ಉತ್ತರ ಇದೇ. ನಗರ ಯೋಜಕರೆಂದರೆ ಅಂಗಡಿ ಸಾಲಿನ ಮುಂದೆ ಟೇಪು ಹಿಡಿದು ಗೋಡೆಗೆ ಕೆಂಪು ಗುರುತು ಹಾಕುವವರು ಎಂಬ ಭಾವನೆಯೂ ಇದರ ಬೆನ್ನಿಗೇ ಹುಟ್ಟಿಕೊಂಡಿದೆ. ನಿಜ ಹೇಳಬೇಕೆಂದರೆ, ಯೋಜಕರ ಕೆಲಸ ಸಕಾಲಕ್ಕೆ ನಡೆಯದ ಊರಿನಲ್ಲೇ ಕೆಂಪು ಗುರುತು ಹೆಚ್ಚು ಬೀಳುತ್ತದೆ.

ಕಬ್ಬಿನ ಹಂಗಾಮಿನಲ್ಲಿ ಪೇಟೆಯ ಒಂದು ತಿರುವನ್ನು ನೋಡಿ. ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆ ಕಡೆ ಹೊರಟಿದೆ. ನೇರ ರಸ್ತೆಯಲ್ಲಿ ಅದಕ್ಕೆ ಅಡ್ಡಿಯಿಲ್ಲ. ಮೂಲೆಗೆ ಬಂದಾಗ ಮುಂದಿನ ಇಂಜಿನ್ ತಿರುಗಿ ಆಚೆ ಹೋದರೂ ಹಿಂದಿನ ಟ್ರೇಲರ್ ಒಳಮಗ್ಗುಲಿಗೆ ಎಳೆದುಕೊಂಡು ಬರುತ್ತದೆ. ಅಲ್ಲೇ ಎರಡು ಬೈಕು ನಿಂತಿವೆ, ಪಕ್ಕದಲ್ಲಿ ಟಂಟಂ ಮಂದಿಯನ್ನು ಹತ್ತಿಸಿಕೊಳ್ಳುತ್ತಿದೆ. ಡ್ರೈವರ್ ಬ್ರೇಕ್ ಹಾಕುತ್ತಾನೆ, ಹಿಂದೆ ಬಸ್ಸು ನಿಲ್ಲುತ್ತದೆ, ಐದು ನಿಮಿಷದಲ್ಲಿ ಇಡೀ ಪೇಟೆ ಕಟ್ಟಿಕೊಳ್ಳುತ್ತದೆ. ಇಲ್ಲಿ ಕೊರತೆ ಇರುವುದು ಒಂದು ಮೈಲು ರಸ್ತೆಯ ಅಗಲದಲ್ಲಲ್ಲ, ಮೂಲೆಯ ಇಪ್ಪತ್ತು ಮೂವತ್ತು ಅಡಿಯಲ್ಲಿ. ರಸ್ತೆಯುದ್ದಕ್ಕೂ ಅಂಗಡಿ ಒಡೆದು ಮೂಲೆಯನ್ನು ಹಾಗೇ ಬಿಟ್ಟರೆ ಟ್ರ್ಯಾಕ್ಟರ್ ಮತ್ತೆ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಅಗಲವಾದ ಜಾಗದಲ್ಲಿ ಇನ್ನೊಂದು ಸಾಲು ಬೈಕು ನಿಲ್ಲುತ್ತದೆ. ಯೋಜಕರು ಮೊದಲು ಎಣಿಸುತ್ತಾರೆ: ಯಾವ ವಾಹನ, ಯಾವ ಹೊತ್ತಿಗೆ, ಎಲ್ಲಿಂದ ಎಲ್ಲಿಗೆ? ಊರಿನೊಳಗೆ ಕೆಲಸವಿದ್ದು ಬಂದದ್ದೋ, ಬೇರೆ ದಾರಿಯಿಲ್ಲದೆ ಊರು ದಾಟಿ ಹೋಗುತ್ತಿರುವುದೋ? ಈ ಎಣಿಕೆಯಿಲ್ಲದೆ ಅಗಲೀಕರಣಕ್ಕೆ ಕೈ ಹಾಕುವುದು ನಾಡಿ ಹಿಡಿಯದೆ ಔಷಧ ಕೊಟ್ಟಂತೆ.

ರಸ್ತೆ ಹಿಗ್ಗಿದಷ್ಟೂ ವಾಹನ ಬಂದು ತುಂಬಿಕೊಳ್ಳುತ್ತದೆ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ 1962ರಲ್ಲೇ ಬರೆದರು. ಅವರಿಗೂ ಮೊದಲು, 1914ರಲ್ಲಿ ಭಾರತಕ್ಕೆ ಬಂದ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್ ಇಲ್ಲಿನ ಊರುಗಳ ಓಣಿ ಓಣಿ ನಡೆದು ನೋಡಿದವರು. ಹಳೇ ಪೇಟೆಯ ನಡುವೆ ಹೊಸ ಹೆದ್ದಾರಿ ಕೊರೆಯಬೇಡಿ. ಬಿದ್ದ ಒಂದು ಮನೆ, ಅಡ್ಡ ಬಂದ ಒಂದು ಮೂಲೆ ತೆಗೆದು ಉಳಿದದ್ದನ್ನು ಉಳಿಸಿಕೊಳ್ಳಿ ಎಂಬುದು ಅವರ ವಾದ. ಬೈಲಹೊಂಗಲದ ಪೇಟೆಗೂ ಸವದತ್ತಿ ಕೋಟೆಯ ಕೆಳಗಿನ ಓಣಿಗಳಿಗೂ ಇಂದಿಗೂ ಸಲ್ಲುವ ಮಾತು ಅದು.

ಇನ್ನೊಂದು ನಂಬಿಕೆ: ರಸ್ತೆ ಎಂದರೆ ಲೋಕೋಪಯೋಗಿ ಇಲಾಖೆ, ಅದರಲ್ಲಿ ಯೋಜಕರಿಗೇನು ಕೆಲಸ? ಹೆದ್ದಾರಿ ಒಂದು ಇಲಾಖೆಯದು, ಓಣಿ ರಸ್ತೆ ಪುರಸಭೆಯದು, ಬಸ್ಸು ವಾಯವ್ಯ ಸಾರಿಗೆ ಸಂಸ್ಥೆಯದು ಎಂಬುದು ನಿಜ. ಎಷ್ಟು ದಪ್ಪ ಜಲ್ಲಿ, ಎಷ್ಟು ಡಾಂಬರು ಎಂದು ಇಂಜಿನಿಯರು ಹೇಳುತ್ತಾರೆ. ರಸ್ತೆ ಎಲ್ಲಿ ಬರಬೇಕು, ಅದರ ಎರಡೂ ಬದಿಗೆ ಮನೆಯೋ ಗೋದಾಮೋ ಶಾಲೆಯೋ ಎಂದು ಮೊದಲೇ ತೀರ್ಮಾನಿಸುವುದು ಯೋಜನೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಪ್ರಕಾರ ಮಹಾಯೋಜನೆಯಲ್ಲಿ ಊರಿನ ದೊಡ್ಡ, ಸಣ್ಣ ರಸ್ತೆಗಳ ಪೂರ್ತಿ ಜಾಲ, ಇಂದಿನ ಮತ್ತು ಮುಂದಿನ ಅಗತ್ಯಕ್ಕೆ ತಕ್ಕಂತೆ, ಇರಲೇಬೇಕು. ಸಂವಿಧಾನದ 74ನೇ ತಿದ್ದುಪಡಿ ತಂದ ಹನ್ನೆರಡನೇ ಅನುಸೂಚಿಯ ಮೊದಲ ಬಾಬತ್ತೇ ನಗರ ಯೋಜನೆ. ರಸ್ತೆ, ಸೇತುವೆಗಳು ಅದರ ನಂತರ ಬರುತ್ತವೆ.

ಈ ತೀರ್ಮಾನ ತಪ್ಪಿದರೆ ಏನಾಗುತ್ತದೆಂದು ನೋಡಲು ಊರಿನ ಅಂಚಿನ ಹೊಸ ಪ್ಲಾಟುಗಳಿಗೆ ಹೋಗಬೇಕು. "ಎನ್ಎ ಆಗೇತಿ, ಮೂವತ್ತು ಫೂಟ್ ರಸ್ತಾ ಐತಿ, ಮತ್ತೇನ ಬೇಕ್ರೀ?" ಎನ್ನುತ್ತಾರೆ ಮಾರುವವರು. ಆ ರಸ್ತೆ ಹಿಡಿದು ಕೊನೆಯವರೆಗೆ ನಡೆದರೆ ಎದುರಿಗೆ ಪಕ್ಕದ ಹೊಲದ ಬದು, ಅದರಾಚೆ ಜೋಳ. ಆ ಹೊಲ ನಾಳೆ ಪ್ಲಾಟಾದಾಗ ಅದರ ಮಾಲೀಕರು ತಮ್ಮ ರಸ್ತೆಯನ್ನು ಇನ್ನೊಂದು ಮೂಲೆಯಲ್ಲಿ ಇಡುತ್ತಾರೆ. ಹೀಗೆ ಹತ್ತು ಬಡಾವಣೆ ಎದ್ದರೂ ಒಂದರಿಂದ ಇನ್ನೊಂದಕ್ಕೆ ದಾರಿ ಇರುವುದಿಲ್ಲ. ಪಕ್ಕದ ಬಡಾವಣೆಯ ಶಾಲೆಗೆ ಹೋಗುವ ಮಗುವೂ ಮೊದಲು ಹೆದ್ದಾರಿಗೆ ಬರಬೇಕು. ಬಸ್ಸು ಒಳಗೆ ಬರುವುದಿಲ್ಲ, ಆಂಬ್ಯುಲೆನ್ಸು ಹಿಮ್ಮುಖವಾಗಿ ಹೊರಗೆ ಬರಬೇಕು, ಗಟಾರದ ನೀರು ಬದುವಿನ ಬುಡದಲ್ಲಿ ಮಡುಗಟ್ಟುತ್ತದೆ. ಪೇಟೆಯ ದಟ್ಟಣೆಯ ದೊಡ್ಡ ಪಾಲು ಹುಟ್ಟುವುದು ಪೇಟೆಯಲ್ಲಲ್ಲ, ಹೀಗೆ ಒಂದಕ್ಕೊಂದು ಕೂಡದ ರಸ್ತೆಗಳಲ್ಲಿ. ಎಲ್ಲರನ್ನೂ ಒಂದೇ ದಾರಿಗೆ ತಳ್ಳಿ, ಆ ದಾರಿ ಸಾಲದು ಎಂದು ಗೊಣಗುತ್ತೇವೆ.

ಇದಕ್ಕೆ ಮದ್ದು ಹೊಸದೇನಲ್ಲ. ಬೈಲಹೊಂಗಲ, ಸವದತ್ತಿ ಸೀಮೆಗಳು ಮುಂಬೈ ಪ್ರಾಂತ್ಯದಲ್ಲಿದ್ದ ಕಾಲದಲ್ಲೇ, 1915ರಲ್ಲಿ, ಮುಂಬೈ ನಗರ ಯೋಜನಾ ಕಾಯ್ದೆ ಬಂತು. ಅಕ್ಕಪಕ್ಕದ ಹೊಲಗಳನ್ನು ಕಾಗದದ ಮೇಲೆ ಒಟ್ಟುಗೂಡಿಸಿ, ರಸ್ತೆ, ಉದ್ಯಾನಕ್ಕೆ ಜಾಗ ಕಳೆದು, ಉಳಿದದ್ದನ್ನು ಚೊಕ್ಕ ಆಕಾರದಲ್ಲಿ ಮಾಲೀಕರಿಗೇ ಹಿಂತಿರುಗಿಸುವ ವಿಧಾನ ಅದರಲ್ಲಿತ್ತು. ಯಾರೂ ಪೂರ್ತಿ ಹೊಲ ಕಳೆದುಕೊಳ್ಳುವುದಿಲ್ಲ, ಎಲ್ಲರಿಗೂ ರಸ್ತೆ ಸಿಗುತ್ತದೆ. ಅದೇ ಪ್ರಾಂತ್ಯದ ಅಹಮದಾಬಾದು ಈ ಪರಂಪರೆಯನ್ನು ಬಿಡದೆ ಹಿಡಿದು, ಅದರ ಬಲದಿಂದಲೇ ಊರಿನ ಸುತ್ತ 76 ಕಿ.ಮೀ. ವರ್ತುಲ ರಸ್ತೆ ಕಟ್ಟಿಕೊಂಡಿತು. ನಮ್ಮ 1961ರ ಕಾಯ್ದೆಯಲ್ಲೂ ನಗರ ಯೋಜನಾ ಸ್ಕೀಮಿಗೆ ಅವಕಾಶವಿದೆ. ನಾವು ಅದನ್ನು ಬಳಸಿದ್ದು ತೀರ ಕಡಿಮೆ.

"ನಮ್ಮದು ಸಣ್ಣೂರು, ಪ್ಲಾನರ್ ಬೇಕಾಗಿರೂದು ಬೆಳಗಾವಿಗೆ, ಹುಬ್ಬಳ್ಳಿಗೆ" ಎಂಬ ಮಾತು ಎಲ್ಲಕ್ಕಿಂತ ದುಬಾರಿ ತಪ್ಪು. 2011ರ ಜನಗಣತಿಯಲ್ಲೇ ಬೈಲಹೊಂಗಲ 50 ಸಾವಿರದ ಸಮೀಪ ಬಂದಿತ್ತು. ಹೊಲದ ಮೇಲೆ ಗೆರೆ ಎಳೆಯುವುದು ಅಗ್ಗ, ಮನೆಯ ಮೇಲೆ ಎಳೆಯುವುದು ತುಟ್ಟಿ. ಆದ್ದರಿಂದ ಊರು ಸಣ್ಣದಿರುವಾಗಲೇ ಯೋಜನೆ ಬೇಕು. ನೀತಿ ಆಯೋಗದ 2021ರ ವರದಿ ಹೇಳುವಂತೆ ದೇಶದ 7,933 ನಗರ ವಸತಿಗಳಲ್ಲಿ ಶೇ 65ಕ್ಕೆ ಮಹಾಯೋಜನೆಯೇ ಇಲ್ಲ. 12 ಸಾವಿರಕ್ಕೂ ಹೆಚ್ಚು ಯೋಜಕರು ಬೇಕಿರುವಲ್ಲಿ ಮಂಜೂರಾದ ಹುದ್ದೆಗಳೇ 4 ಸಾವಿರ ಮುಟ್ಟುವುದಿಲ್ಲ, ಅದರಲ್ಲೂ ಶೇ 42 ಖಾಲಿ. ಈ ಕೊರತೆಯ ಬಿಸಿ ಮೊದಲು ತಟ್ಟುವುದು ಸಣ್ಣ ಪಟ್ಟಣಗಳಿಗೇ.

ಸವದತ್ತಿಗೆ ಬಂದರೆ ಪ್ರಶ್ನೆಯೇ ಬದಲಾಗುತ್ತದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಲಕ್ಷಗಟ್ಟಲೆ ಮಂದಿ ಬರುತ್ತಾರೆ, ಮಹಾರಾಷ್ಟ್ರದಿಂದಲೂ ಬರುತ್ತಾರೆ. "ದೊಡ್ಡ ಪಾರ್ಕಿಂಗ್ ಮಾಡಿ, ಪೊಲೀಸರನ್ನ ಹಾಕಿದ್ರ ಮುಗೀತು" ಎನ್ನುವವರು ಗುಡ್ಡದ ಯಾತ್ರೆಯ ಸ್ವಭಾವವನ್ನು ಮರೆಯುತ್ತಾರೆ. ಇಲ್ಲಿಗೆ ಬಂದವರು ದರ್ಶನ ಮುಗಿಸಿ ತಾಸಿನಲ್ಲಿ ತಿರುಗುವುದಿಲ್ಲ. ಜೋಗುಳಬಾವಿಯಲ್ಲಿ ಮಿಂದು, ಗುಡ್ಡ ಏರಿ, ಬಯಲಿನಲ್ಲಿ ಒಲೆ ಹೂಡಿ ಅಡುಗೆ ಮಾಡಿ, ಪರಡಿ ತುಂಬಿಸಿ, ರಾತ್ರಿ ಅಲ್ಲೇ ಉಳಿಯುತ್ತಾರೆ. ಅವರ ಚಕ್ಕಡಿ, ಟ್ರ್ಯಾಕ್ಟರ್ ಬರೀ ವಾಹನವಲ್ಲ, ಆ ಹೊತ್ತಿನ ಮನೆ. ತಾಸಿಗೊಮ್ಮೆ ಜಾಗ ಖಾಲಿಯಾಗುವ ಮಾಲ್‌ನ ಲೆಕ್ಕ ಇಲ್ಲಿ ನಡೆಯದು. ವಾಹನ ನಿಲ್ಲುವ ಜಾಗದಲ್ಲೇ ನೀರು, ಶೌಚಾಲಯ, ನೆರಳು ಬೇಕು. ಎತ್ತಿಗೂ ನಡೆಯುವವರಿಗೂ ಬಸ್ಸಿಗಿಂತ ಬೇರೆ ದಾರಿ ಬೇಕು. ಹತ್ತುವ ದಾರಿ ಇಳಿಯುವ ದಾರಿ ಬೇರೆಯಾಗಬೇಕು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನಲ್ಲಿ ಬರುವ ಹೆಣ್ಣುಮಕ್ಕಳು ಹೆಚ್ಚಿದ್ದಾರೆ, ಆ ಲೆಕ್ಕವೂ ಸೇರಬೇಕು. ಗುಡ್ಡದ ಅಭಿವೃದ್ಧಿಗೆ 2024ರಲ್ಲಿ ಕೇಂದ್ರದಿಂದ 100 ಕೋಟಿ ರೂಪಾಯಿ ಮಂಜೂರಾಗಿದೆ. ಆ ಹಣ ಕಟ್ಟಡಗಳಿಗಿಂತ ಮೊದಲು ಈ ದಾರಿಗಳ ಯೋಚನೆಗೆ ಸಲ್ಲಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಿತ್ತೂರಿನ ಬಗೆಗಿನ ನಂಬಿಕೆ ರೈಲಿನದು. ಧಾರವಾಡದಿಂದ ಕಿತ್ತೂರಿನ ಮೇಲೆ ಬೆಳಗಾವಿಗೆ 73 ಕಿ.ಮೀ. ಹೊಸ ಮಾರ್ಗ ಬಂದರೆ ಊರು ತಾನಾಗಿ ಬೆಳೆಯುತ್ತದೆ ಎನ್ನುತ್ತಾರೆ. ಹಳಿ, ನಿಲ್ದಾಣ ರೈಲ್ವೆಯವು. ನಿಲ್ದಾಣದಿಂದ ಕೋಟೆಗೆ, ಬಸ್ ನಿಲ್ದಾಣಕ್ಕೆ ಹೋಗುವ ದಾರಿಯನ್ನು ಊರೇ ಯೋಜಿಸಿಕೊಳ್ಳಬೇಕು. ಈಗಲೇ ಆ ಜಾಗ ಗುರುತಿಸದಿದ್ದರೆ ರೈಲಿಗಿಂತ ಮೊದಲು ಪ್ಲಾಟುಗಳು ಬಂದಿರುತ್ತವೆ.

ರಾಮದುರ್ಗದಲ್ಲಿ ಮಲಪ್ರಭೆ ಮಾತಾಡುತ್ತಾಳೆ. 2019ರ ಆಗಸ್ಟಿನಲ್ಲಿ ನದಿ ಪಟ್ಟಣದೊಳಗೆ ನುಗ್ಗಿ ನೇಕಾರರ ಮಗ್ಗಗಳು ನೀರಿನಲ್ಲಿ ನಿಂತವು. ಆ ಮೇಲೆ ಎಲ್ಲರ ಬಾಯಲ್ಲೂ "ರಸ್ತೆ ಎತ್ತರಿಸಿ" ಎಂಬ ಬೇಡಿಕೆ. ಎತ್ತರಿಸಿದ ರಸ್ತೆಯ ಕೆಳಗೆ ನೀರು ದಾಟಲು ಸಾಕಷ್ಟು ಮೋರಿ ಬಿಡದಿದ್ದರೆ ಅದೇ ಒಡ್ಡಾಗಿ, ಮೇಲಿನ ಓಣಿಗೆ ನೀರು ತಿರುಗಿಸುತ್ತದೆ. ನದಿಗೆ ಬೇಕಾದ ಜಾಗ ನದಿಗೆ ಬಿಟ್ಟು, ನೆರೆ ಬಂದಾಗಲೂ ಆಸ್ಪತ್ರೆಗೆ ತೆರೆದಿರುವ ಒಂದು ದಾರಿಯನ್ನು ಎತ್ತರದಲ್ಲಿ ಉಳಿಸಿಕೊಳ್ಳುವುದು ಯೋಜನೆ.

ಬೀದಿ ವ್ಯಾಪಾರಿಗಳನ್ನು ಎಬ್ಬಿಸುವುದೇ ಸುಧಾರಣೆ ಎಂಬ ಭಾವನೆಗೆ ಕಾನೂನಿನ ಬೆಂಬಲವೂ ಇಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಊರಿನ ಜನಸಂಖ್ಯೆಯ ಶೇ 2.5ರಷ್ಟು ವ್ಯಾಪಾರಿಗಳಿಗೆ ಜಾಗ ಕಲ್ಪಿಸಲು ಹೇಳುತ್ತದೆ. ಬೈಲಹೊಂಗಲದಂಥ ಊರಿಗೆ ಅದು 1,200ರ ಆಸುಪಾಸು. ಯೋಜನಾ ಪ್ರಾಧಿಕಾರದ ಜೊತೆ ಸಮಾಲೋಚಿಸಿ ಐದು ವರ್ಷಕ್ಕೊಮ್ಮೆ ಇದಕ್ಕೆಂದೇ ಯೋಜನೆ ಮಾಡಬೇಕು, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40 ಮಂದಿ ವ್ಯಾಪಾರಿಗಳೇ ಇರಬೇಕು. ಕಾಯಿಪಲ್ಲೆ ಬುಟ್ಟಿಗೂ ಜಾಗವಿಟ್ಟು, ನಡೆಯುವವರಿಗೆ ಅಡೆತಡೆಯಿಲ್ಲದ 1.8 ಮೀಟರ್ ಪಾದಚಾರಿ ಮಾರ್ಗ ಉಳಿಸಬಹುದು. ಅದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಕನಿಷ್ಠ ಅಳತೆ.

ಕೊನೆಯದು, ನಕ್ಷೆ ಅಧಿಕಾರಿಗಳ ಗುಟ್ಟು ಎಂಬ ನಂಬಿಕೆ. ಮಹಾಯೋಜನೆಯ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುವುದು ಕಾಯ್ದೆಯ ಕಟ್ಟಳೆ. ಹತ್ತು ವರ್ಷಕ್ಕೊಮ್ಮೆಯಾದರೂ ಅದು ಪರಿಷ್ಕರಣೆಯಾಗಬೇಕು. ಕರಡು ಹೊರಬಿದ್ದ ದಿನ ನಿಮ್ಮ ಉತಾರ ಹಿಡಿದು ಹೋಗಿ, ಸರ್ವೆ ನಂಬರ್ ಹುಡುಕಿ, ಅದರ ಮೇಲೆ ಎಷ್ಟು ಅಗಲದ ರಸ್ತೆ ಹಾಯ್ದಿದೆ, ಅದು ಮುಂದೆ ಯಾವ ರಸ್ತೆಗೆ ಕೂಡುತ್ತದೆ, ಮಳೆನೀರು ಯಾವ ಕಡೆ ಹರಿಯಬೇಕೆಂದು ತೋರಿಸಿದ್ದಾರೆ ಎಂದು ನೋಡಿ. ತಪ್ಪು ಕಂಡರೆ ಬಾಯಿಮಾತಿನಲ್ಲಿ ಹೇಳಿ ಬರಬೇಡಿ, ಗಡುವಿನೊಳಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ.