ನ್ಯೂಯಾರ್ಕ್ ನಗರದ ವಲಯ ನಿಬಂಧನೆಗಳ ಪರಿಷ್ಕರಣ

ನಗರದ ಇತಿಹಾಸವನ್ನು ಬರೆಯುವವರು ಕೋಟೆ, ಅರಮನೆ, ದೇವಾಲಯಗಳನ್ನು ಪರಿಶೀಲಿಸುತ್ತಾರೆ. ಕಟ್ಟಡದ ನಿಬಂಧನೆಗಳನ್ನು ಪರಿಶೀಲಿಸುವವರು ವಿರಳ. ಎಲ್ಲಿ ಮನೆಯಿರಬೇಕು, ಎಲ್ಲಿ ಕಾರ್ಖಾನೆಯಿರಬಹುದು, ಕಟ್ಟಡವು ಎಷ್ಟು ಎತ್ತರಕ್ಕೆ ಏರಬಹುದು ಎಂಬುದನ್ನು ಗೊತ್ತುಪಡಿಸುವ ವಲಯ ನಿಬಂಧನೆಯಾದರೋ, ಒಂದು ಕಾಲದ ಜನರು ತಮ್ಮ ನಗರವು ಹೇಗಿರಬೇಕೆಂದು ಬಯಸಿದರೆಂಬುದಕ್ಕೆ ನೇರವಾದ ಸಾಕ್ಷ್ಯ. ಅಂಥ ನಿಬಂಧನೆ ಹಳತಾಗುವುದು ಹೇಗೆ, ಅದನ್ನು ಪರಿಷ್ಕರಿಸುವುದೆಂದರೇನು ಎಂಬುದನ್ನು ನ್ಯೂಯಾರ್ಕ್ ನಗರದ ಉದಾಹರಣೆಯಿಂದ ವಿವರಿಸುವುದೇ ಈ ಲೇಖನದ ಉದ್ದೇಶ.

1915ರಲ್ಲಿ ಆ ನಗರದ ಬ್ರಾಡ್‌ವೇ ಬೀದಿಯಲ್ಲಿ ಈಕ್ವಿಟಬಲ್ ಕಟ್ಟಡ ಪೂರ್ಣಗೊಂಡಿತು. ಒಂದು ಎಕರೆಗೂ ಕಡಮೆಯಾದ ನಿವೇಶನದಲ್ಲಿ ಸುಮಾರು 12 ಲಕ್ಷ ಚದರ ಅಡಿಗಳ ನೆಲವನ್ನು ಅಂತಸ್ತಿನ ಮೇಲೆ ಅಂತಸ್ತಾಗಿ ಪೇರಿಸಿದ್ದ ಈ ಕಟ್ಟಡ, ಬೀದಿಯ ಅಂಚಿನಿಂದ ನೇರವಾಗಿ 500 ಅಡಿಗಳಿಗೂ ಮೇಲೆದ್ದು ನೆರೆಯ ಕಟ್ಟಡಗಳನ್ನು ನೆರಳಿನಲ್ಲಿ ಮುಳುಗಿಸಿತು. ಎತ್ತರದ ಕಟ್ಟಡಗಳ ವಿರುದ್ಧ ಮೊದಲೇ ಇದ್ದ ಅಸಮಾಧಾನ ಇದರಿಂದ ಬಲಗೊಂಡಿತು. 1916ರ ಜುಲೈ 25ರಂದು ನಗರವು ವಲಯ ನಿಬಂಧನೆಯನ್ನು ಅಂಗೀಕರಿಸಿತು. ಅಮೆರಿಕದಲ್ಲಿ ಇಡೀ ನಗರಕ್ಕೆ ಅನ್ವಯಿಸುವ ಇಂಥ ನಿಬಂಧನೆಗಳಲ್ಲಿ ಇದೇ ಮೊದಲನೆಯದು.

ನಗರವು ವಾಸದ ವಲಯ, ವ್ಯಾಪಾರದ ವಲಯ, ನಿರ್ಬಂಧವಿಲ್ಲದ ವಲಯ ಎಂದು ವಿಭಾಗವಾಯಿತು. ಬೀದಿಯ ಅಗಲಕ್ಕೆ ಅನುಗುಣವಾದ ಎತ್ತರವನ್ನು ಮುಟ್ಟಿದ ಮೇಲೆ ಗೋಡೆಯು ಮೆಟ್ಟಿಲು ಮೆಟ್ಟಿಲಾಗಿ ಹಿಂದೆ ಸರಿಯಬೇಕಾಯಿತು. ನಿವೇಶನದ ಕಾಲು ಭಾಗದ ಮೇಲೆ ಮಾತ್ರ ಗೋಪುರವು ಎಷ್ಟಾದರೂ ಏರಬಹುದಿತ್ತು. ಬೆಳಕು ಮತ್ತು ಗಾಳಿಯ ರಕ್ಷಣೆ ಇದರ ಘೋಷಿತ ಉದ್ದೇಶ. ಆದರೆ ಐದನೆಯ ಅವೆನ್ಯೂವಿನ ವರ್ತಕರ ಒತ್ತಾಯವೂ ಇದರ ಹಿಂದಿತ್ತು. ಸಿದ್ಧ ಉಡುಪಿನ ಕಾರ್ಖಾನೆಗಳೂ ಅಲ್ಲಿ ದುಡಿಯುವ ವಲಸೆಗಾರರೂ ತಮ್ಮ ಅಂಗಡಿಗಳ ಸಮೀಪಕ್ಕೆ ಬರಬಾರದೆಂಬುದು ಅವರ ಬಯಕೆ. ಸಾರ್ವಜನಿಕ ಹಿತವೂ ಒಂದು ವರ್ಗದ ಹಿತವೂ ಒಂದೇ ನಿಬಂಧನೆಯಲ್ಲಿ ಹೀಗೆ ಹೆಣೆದುಕೊಂಡಿದ್ದುವು.

ಕಾಲಕ್ರಮದಲ್ಲಿ ಈ ನಿಬಂಧನೆಗೆ ಎರಡು ಸಾವಿರಕ್ಕೂ ಹೆಚ್ಚು ತಿದ್ದುಪಡಿಗಳಾದುವು. ಅದು ಅನುಮತಿಸಿದಷ್ಟನ್ನೂ ಕಟ್ಟಿದ್ದರೆ ಐದು ಕೋಟಿಗೂ ಮಿಕ್ಕಿದ ಜನರಿಗೆ ಸ್ಥಳವಾಗುತ್ತಿತ್ತೆಂದು ಯೋಜಕರು ಲೆಕ್ಕಹಾಕಿದರು. 1960ರಲ್ಲಿ ನಗರದ ಜನಸಂಖ್ಯೆ ಸುಮಾರು 78 ಲಕ್ಷ ಮಾತ್ರ. ಮೋಟಾರು ವಾಹನಗಳ ವಿಪರೀತ ಹೆಚ್ಚಳವನ್ನು 1916ರವರು ಊಹಿಸಿರಲಿಲ್ಲ. ನಗರ ಯೋಜನಾ ಆಯೋಗದ ಅಧ್ಯಕ್ಷ ಜೇಮ್ಸ್ ಫೆಲ್ಟ್ ಅವರ ಪ್ರಯತ್ನದಿಂದ ಹೊಸ ನಿಬಂಧನೆ 1960ರ ಡಿಸೆಂಬರಿನಲ್ಲಿ ಅಂಗೀಕೃತವಾಗಿ, ಒಂದು ವರ್ಷದ ತರುವಾಯ ಜಾರಿಗೆ ಬಂದಿತು.

ಇದರ ಮುಖ್ಯ ತತ್ತ್ವ, ಕಟ್ಟಡದ ಒಟ್ಟು ನೆಲಕ್ಕೂ ನಿವೇಶನಕ್ಕೂ ಇರುವ ಅನುಪಾತ. ನಮ್ಮಲ್ಲಿ ಮನೆ ಕಟ್ಟಿಸುವವರಿಗೆ ಇದು ‘ಎಫ್.ಎ.ಆರ್.’ ಎಂಬ ಹೆಸರಿನಿಂದ ಪರಿಚಿತವಾಗಿದೆ. ಅನುಪಾತ 15 ಆಗಿದ್ದರೆ, 10,000 ಚದರ ಅಡಿಯ ನಿವೇಶನದಲ್ಲಿ 1,50,000 ಚದರ ಅಡಿ ಕಟ್ಟಬಹುದು. ಅತಿ ದಟ್ಟವಾದ ವಲಯಗಳಲ್ಲಿ ಜನರಿಗಾಗಿ ಬಯಲು ಬಿಟ್ಟವರಿಗೆ, ಬಿಟ್ಟ ಒಂದೊಂದು ಅಡಿಗೆ ಹತ್ತು ಅಡಿಯಂತೆ, ಶೇಕಡಾ 20ರ ಮಿತಿಯೊಳಗೆ ಹೆಚ್ಚಿನ ನೆಲ ದೊರೆಯುತ್ತಿತ್ತು. ಮೇಲಿನ ನಿವೇಶನದಲ್ಲಿ 3,000 ಅಡಿ ಬಯಲು ಬಿಟ್ಟವನು 30,000 ಅಡಿ ಹೆಚ್ಚು ಕಟ್ಟಬಹುದಿತ್ತು.

ಫಲ ಮಾತ್ರ ನಿರೀಕ್ಷೆಯಂತೆ ಆಗಲಿಲ್ಲ. ನೆಲವೇನೋ ದೊರೆಯಿತು, ಆದರೆ ಅನೇಕ ಬಯಲುಗಳು ಕೂರಲು ಆಸನವಿಲ್ಲದೆ, ಮರದ ನೆರಳಿಲ್ಲದೆ ಬರಿದಾಗಿ ಉಳಿದುವು. ಆಸನ ಮೊದಲಾದ ಅನುಕೂಲಗಳನ್ನು ಕಡ್ಡಾಯಮಾಡಲು 1975ರಲ್ಲಿ ನಿಯಮಗಳನ್ನು ತಿದ್ದಬೇಕಾಯಿತು. ಸೋಹೋ ಪ್ರದೇಶವನ್ನು ಕೈಗಾರಿಕಾ ವಲಯವೆಂದು ಗುರುತಿಸಿದ್ದರಿಂದ, ಕಾರ್ಖಾನೆಗಳು ತೆರವುಮಾಡಿದ ಮಹಡಿಗಳಲ್ಲಿ ನೆಲಸಿದ ಕಲಾವಿದರು ಕಾನೂನುಬಾಹಿರ ನಿವಾಸಿಗಳಾದರು. 1971ರಲ್ಲಿ ಅವರ ವಾಸಕ್ಕೆ ಅನುಮತಿ ದೊರೆಯಿತು. ಹೊಸ ಮನೆಗಳೊಡನೆ ವಾಹನ ನಿಲುಗಡೆಯ ಸ್ಥಳವನ್ನೂ ಒದಗಿಸಬೇಕೆಂಬ ವಿಧಿ ವಸತಿಯ ವೆಚ್ಚವನ್ನು ಏರಿಸಿತೆಂಬ ಆಕ್ಷೇಪಣೆ ಬಲವಾಗಿ, 2024ರ ಡಿಸೆಂಬರಿನಲ್ಲಿ ಆ ವಿಧಿಯನ್ನು ಕೆಲವೆಡೆ ತೆಗೆದು, ಕೆಲವೆಡೆ ಸಡಿಲಿಸಲಾಯಿತು.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಪ್ರತಿಯೊಂದು ನಿಬಂಧನೆಯೂ ತನ್ನ ಕಾಲದ ಕುಂದುಕೊರತೆಗೆ ಕಂಡುಕೊಂಡ ಪರಿಹಾರ; ಆ ಪರಿಹಾರವೇ ಮುಂದಿನ ಪೀಳಿಗೆಗೆ ಕುಂದಾಗಿ ತೋರುವುದುಂಟು. ಆದುದರಿಂದ ಅಂಕಿಗಳನ್ನು ಬದಲಾಯಿಸಿದ ಮಾತ್ರಕ್ಕೆ ಪರಿಷ್ಕರಣ ಮುಗಿಯದು. ನಿಬಂಧನೆಯು ಯಾರನ್ನು ನಗರವಾಸಿಯೆಂದು ಭಾವಿಸಿದೆ, ಯಾರನ್ನು ಮರೆತಿದೆ ಎಂಬುದನ್ನು ಪರೀಕ್ಷಿಸಬೇಕು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ ಅಡಿಯಲ್ಲಿ ನಮ್ಮ ನಗರಗಳಿಗೂ ವಲಯ ನಿಬಂಧನೆಗಳುಂಟು. ನಮ್ಮ ಇತಿಹಾಸ ವಿದ್ಯಾರ್ಥಿಗಳು ಅವುಗಳನ್ನೂ ಶಿಲಾಶಾಸನಗಳಷ್ಟೇ ಶ್ರದ್ಧೆಯಿಂದ ಓದಿ, ಅವು ಯಾರ ಪರವಾಗಿ ಮಾತನಾಡುತ್ತವೆಂಬುದನ್ನು ವಿಚಾರಮಾಡುವುದು ಅವಶ್ಯಕ.